ನಿನ್ನೆಯ ಒಂದು ಸೌಟು

ಊಲಿ ಅಬೆಗ್ಲೆನ್ ತನ್ನ ಜೀವಮಾನದಲ್ಲಿ ಹಾಲಿನ ವಾಸನೆಯಿಲ್ಲದ ಕೋಣೆಯಲ್ಲಿ ಮಲಗಿದ್ದು ಎರಡೇ ಬಾರಿ. ಒಮ್ಮೆ ಸೈನ್ಯದಲ್ಲಿದ್ದಾಗ, ಇನ್ನೊಮ್ಮೆ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡಾಗ. ಎರಡು ಕಡೆಯೂ ತನಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಅವನು ಹೇಳುತ್ತಿದ್ದ. ಉಳಿದ ಬದುಕೆಲ್ಲ ಕಳೆದದ್ದು ವಿಸ್ಕಾನ್ಸಿನ್ನಿನ ದಕ್ಷಿಣದಲ್ಲಿ, ಎರಡು ರಸ್ತೆಗಳು ಕೂಡುವಲ್ಲಿದ್ದ ಚೀಸ್ ಕಾರ್ಖಾನೆಯ ಮಹಡಿಯ ಮೇಲೆ. ಕೆಳಗೆ ಹಾಲಿನ ತೊಟ್ಟಿ, ಬಾಯ್ಲರು, ನೆಲಮಾಳಿಗೆಯಲ್ಲಿ ಮಾಗುತ್ತಿರುವ ಚೀಸಿನ ಸಾಲು. ಮೇಲೆ ಅವನು, ಅವನ ಹೆಂಡತಿ ಲೀನಿ, ಕಿಟಕಿಯಲ್ಲಿ ಎರಡು ಹೂಕುಂಡ.

ಕಟ್ಟಡ ಅವನದಲ್ಲ. ಸುತ್ತಲಿನ ಹಾಲಿನ ರೈತರು ಕೂಡಿ ಕಟ್ಟಿಸಿದ್ದು. ಅವರು ಹಾಲು ತರುತ್ತಾರೆ, ಊಲಿ ಚೀಸ್ ಮಾಡುತ್ತಾನೆ, ಮಾರಿ ಬಂದದ್ದನ್ನು ಹಂಚಿಕೊಳ್ಳುತ್ತಾರೆ. ಕೆಲಸವಿರುವ ತನಕ ಮಹಡಿಯ ಮನೆ ಅವನದು. ಅವನ ಅಪ್ಪ ಕ್ರಿಸ್ಟನ್ ಕೂಡ ಹೀಗೆಯೇ ಬದುಕಿ, ಇದೇ ಮಹಡಿಯಲ್ಲಿ ಕಣ್ಣು ಮುಚ್ಚಿದ್ದ.

ಕ್ರಿಸ್ಟನ್ ಸ್ವಿಟ್ಜರ್ಲೆಂಡಿನ ಬೆಟ್ಟದೂರಿನಿಂದ ಬಂದವನು. ಬರುವಾಗ ಒಂದು ಮರದ ಸೌಟು, ಮುಚ್ಚಳವಿರುವ ಒಂದು ಮರದ ಬಕೆಟ್ಟು ತಂದಿದ್ದ. ಚೀಸಿಗೆಂದು ಹಾಲು ಒಡೆದಾಗ ಬೇರೆಯಾಗುವ ತಿಳಿನೀರು, ಹಾಲೊಡಕು, ದಿನವೂ ಒಂದಿಷ್ಟು ಆ ಬಕೆಟ್ಟಿಗೆ ಹೋಗುತ್ತಿತ್ತು. ಮರುದಿನ ತೊಟ್ಟಿಯ ಹಾಲು ಬೆಚ್ಚಗಾದ ಮೇಲೆ ಅದರಿಂದ ಒಂದು ಸೌಟು ಹಾಲಿಗೆ ಬೀಳುತ್ತಿತ್ತು. "ನಿನ್ನೇದು ಒಂದು ಸೌಟು ಇವತ್ತಿಗೆ ಸೇರ್ಬೇಕು ಕಣೋ," ಎನ್ನುತ್ತಿದ್ದ ಅಪ್ಪ. "ಇಲ್ಲಾಂದ್ರೆ ತಾನ್ಯಾರು ಅಂತ ಇವತ್ತಿಗೆ ಗೊತ್ತಾಗಲ್ಲ."

ಊಲಿ ಚೀಸ್ ಮಾಡುವ ಲೈಸೆನ್ಸಿಗೆಂದು ತರಗತಿಗೆ ಹೋದಾಗ, ಹಳೆಯ ಹಾಲೊಡಕನ್ನು ತೊಟ್ಟಿಗೆ ಹಾಕಲೇಬಾರದೆಂದು ಅಲ್ಲಿ ಕಲಿಸಿದರು. ಊಲಿ ತಲೆಯಾಡಿಸಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಬಂದು, ಬಕೆಟ್ಟನ್ನು ನೆಲಮಾಳಿಗೆಯ ಆಲೂಗಡ್ಡೆ ಮೂಟೆಗಳ ಹಿಂದೆ ಬಚ್ಚಿಟ್ಟ. ಸೌಟು ತೊಟ್ಟಿಯ ಪಕ್ಕದ ಮೊಳೆಯಲ್ಲೇ ತೂಗಿತು; ಮರದ ಸೌಟಿನ ಮೇಲೆ ಯಾರಿಗೆ ಅನುಮಾನ? ಲೀನಿ ಬಾಗಿಲಲ್ಲಿ ಕ್ಯಾನುಗಳನ್ನು ಇಳಿಸಿಕೊಳ್ಳುವ ಹೊತ್ತಿನಲ್ಲಿ ಅವನು ನೆಲಮಾಳಿಗೆಗೆ ಇಳಿದು ಹತ್ತಿ, ಒಂದು ಸೌಟು ಸುರಿದು, ಏನೂ ಆಗದವನಂತೆ ಸೀಟಿ ಹಾಕುತ್ತಿದ್ದ. ಹೆಂಡತಿಯಿಂದ ಅವನು ಮುಚ್ಚಿಟ್ಟ ಸಂಗತಿ ಇದೊಂದೇ.

ತೊಟ್ಟಿಯ ಹಾಲನ್ನು ನಿಜವಾಗಿ ಹುಳಿಯೇರಿಸುತ್ತಿದ್ದದ್ದು ಲೀನಿಯ ಗಾಜಿನ ಜಾಡಿಯ ಹೆಪ್ಪು. ಮದುವೆಯಾದ ವರ್ಷ ಮ್ಯಾಡಿಸನ್ನಿನ ವಿಶ್ವವಿದ್ಯಾಲಯದಿಂದ ಬೆರಳುದ್ದದ ಸೀಸೆಯಲ್ಲಿ ಬಂದದ್ದು ಅದು. ಅಂದಿನಿಂದ ಪ್ರತಿ ಸಂಜೆ ಲೀನಿ ಕೈ ತೊಳೆದು, ಚಮಚ ಕುದಿಸಿ, ಕಾದಾರಿದ ಹಾಲಿಗೆ ಹಿಂದಿನ ದಿನದ ಒಂದು ಚಮಚ ಬೆರೆಸಿ, ಬಟ್ಟೆ ಹೊದಿಸಿ ಒಲೆಯ ಬದಿಯಲ್ಲಿ ಮಲಗಿಸುತ್ತಿದ್ದಳು. ಬೆಳಿಗ್ಗೆ ಬಟ್ಟೆ ಎತ್ತಿ ನೋಡಿ, "ಹುಡುಗಿ ಎದ್ದಳು," ಎನ್ನುವಳು. ಆ ಹೆಪ್ಪಿನ ಚೆಡ್ಡರ್ ಚೀಸಿಗೆ ಹುರಿದ ಬಾದಾಮಿಯ ಹಾಗೆ ಒಂದು ರುಚಿಯಿತ್ತು. ಅಚ್ಚಿಗೆ ಹೋಗುವ ಮೊದಲಿನ ಹಸಿ ತುಂಡುಗಳು ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುತ್ತಿದ್ದವು. ಆ ಸದ್ದಿಗಾಗಿಯೇ ಶನಿವಾರ ಜನ ದೂರದಿಂದ ಕಾರು ಹತ್ತಿ ಬರುತ್ತಿದ್ದರು.

ಹೀಗಿರುವಾಗ ಒಂದು ವಸಂತದಲ್ಲಿ ತೊಟ್ಟಿ ಸಾಯತೊಡಗಿತು.

ಚೀಸಿನವರ ಮಾತಿನಲ್ಲಿ ಸತ್ತ ತೊಟ್ಟಿಯೆಂದರೆ ಹುಳಿಯೇರದ ತೊಟ್ಟಿ. ಹಾಲು ಗಡ್ಡೆ ಕಟ್ಟುತ್ತದೆ, ನೋಡಲು ಎಲ್ಲ ಸರಿಯಿರುತ್ತದೆ. ಆದರೆ ಹೊತ್ತೇರಿದರೂ ಗಡ್ಡೆ ಸಿಹಿಯಾಗಿ, ಮೆತ್ತಗೆ, ಪೆದ್ದಾಗಿ ಕುಳಿತಿರುತ್ತದೆ. ಅದು ಚೀಸಾಗುವುದಿಲ್ಲ, ಹಂದಿಗೆ ಹಾಕಬೇಕು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ ಹೀಗಾಯಿತು.

ರೈತರ ಸಂಘಕ್ಕೆ ಆರ್ನೆ ಟ್ವೆಟನ್ ಮುಖ್ಯಸ್ಥ. ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದ ನಾರ್ವೆ ಮೂಲದವನು. ಶಾಲೆಯ ದಿನಗಳಿಂದ ಅವನೂ ಊಲಿಯೂ ಬಯ್ದುಕೊಂಡೇ ಸ್ನೇಹಿತರು.

"ಏನೋ ಸ್ವಿಸ್, ಇವತ್ತೂ ನನ್ ಹಂದಿಗಳನ್ನ ಊಟಕ್ಕೆ ಕರ್ದಿದೀಯಾ?" ಎಂದ ಆರ್ನೆ, ಕ್ಯಾನು ಇಳಿಸುತ್ತ.

"ನಿನ್ ಹಂದಿಗಳಲ್ವಾ? ಕರೀದೇ ಇದ್ರೂ ಬರ್ತವೆ, ನಿನ್ ಹಾಗೇ."

"ನಿಮ್ಮೋರೆಲ್ಲ ತೂತಿರೋ ಚೀಸ್ ಮಾಡ್ತಾರೆ. ನೀನೊಬ್ಬ ತೂತಿಲ್ಲದ್ದು ಮಾಡೋಕ್ ಹೋದೆ ನೋಡು, ದೇವರಿಗೆ ಸಿಟ್ಟು ಬಂತು."

ಇಬ್ಬರೂ ನಕ್ಕರು. ಆದರೆ ಅದೇ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ರೈತರು ಸೇರಿದಾಗ ಆರ್ನೆ ಕಾಫಿ ಲೋಟವನ್ನೇ ನೋಡುತ್ತ ಹೇಳಿದ: "ಮೊದಲ ಹುಲ್ಲು ಕೊಯ್ಲಿನ ತನಕ ನೋಡೋಣ. ಸರಿಹೋಗ್ದಿದ್ರೆ ಹಾಲು ರಾಜ್ಯದ ಗಡಿಯಾಚೆ ದೊಡ್ಡ ಡೇರಿಗೆ ಹೋಗತ್ತೆ. ಕಾರ್ಖಾನೆಗೆ ಬೀಗ." ಬೀಗವೆಂದರೆ ಮಹಡಿಯ ಮನೆಗೂ ಬೀಗ.

ಆ ಸಂಜೆ ಮೆಟ್ಟಿಲು ಹತ್ತಿ ಬಂದ ಊಲಿ, ಮುಖ ತೊಳೆಯುವ ಮೊದಲೇ ಅಂದುಬಿಟ್ಟ: "ನಿನ್ ಹೆಪ್ಪಿಗೆ ವಯಸ್ಸಾಯ್ತು ಕಣೇ."

"ವಯಸ್ಸಾಗಿದ್ದು ಅದಕ್ಕೋ, ನಂಗೋ, ನಿಂಗೋ? ಸರಿಯಾಗಿ ಹೇಳು," ಎಂದಳು ಲೀನಿ. ನಗೆಯಲ್ಲೇ ಅಂದಳು. ಆದರೆ ಹಾಲು ಕಾಯಿಸುವಾಗ ಗುನುಗುವ ಅಭ್ಯಾಸ ಅಂದಿಗೆ ನಿಂತಿತು. ಚಮಚವನ್ನು ಒಮ್ಮೆ ಕುದಿಸುತ್ತಿದ್ದವಳು ಎರಡು ಬಾರಿ ಕುದಿಸತೊಡಗಿದಳು. ತೊಟ್ಟಿ ಮತ್ತೆ ಸತ್ತಿತು.

ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದ್ದು ಲೀನಿಯೇ. ಬಂದವಳು ಬರ್ನೀಸ್ ವಾಯ್ಟಾ. ಪೋಲಿಷ್ ರೈತರ ಮನೆಯ ಮಗಳು, ಹಾಲಿನ ಬ್ಯಾಕ್ಟೀರಿಯಗಳನ್ನೇ ಓದಿ ಡಾಕ್ಟರಾದವಳು, ದೊಡ್ಡ ನಗೆಯವಳು. ಕಾರಿನ ಡಿಕ್ಕಿಯಿಂದ ರಬ್ಬರ್ ಬೂಟು ತೆಗೆದು ಹಾಕಿಕೊಂಡು, ಜಾಡಿಯಿಂದಲೂ ತೊಟ್ಟಿಯಿಂದಲೂ ಕ್ಯಾನಿನಿಂದಲೂ ಗಾಜಿನ ನಳಿಗೆಗಳಲ್ಲಿ ಮಾದರಿ ತುಂಬಿಕೊಂಡು ಹೋದಳು. ಮತ್ತೆ ಬಂದಾಗ ನೇರ ಲೀನಿಯ ಹತ್ತಿರ ಹೋದಳು.

"ನಿಮ್ಮ ಹೆಪ್ಪು ಗಟ್ಟಿಮುಟ್ಟಾಗಿದೆ, ಮಿಸೆಸ್ ಅಬೆಗ್ಲೆನ್. ತೊಟ್ಟಿಗೆ ಇಳಿದ ಮೇಲೆ ಸಾಯ್ತಿದೆ. ಬ್ಯಾಕ್ಟೀರಿಯಾನೂ ಕಾಯಿಲೆ ಬೀಳತ್ತೆ. ಅದನ್ನ ಒಳಗಿಂದ ತಿಂದು ಒಡೆಯೋ ವೈರಸ್ ಇದೆ. ನಮಗೇನೂ ಮಾಡಲ್ಲ, ಪಾಪ ಇದನ್ನ ಮಾತ್ರ ಬಿಡಲ್ಲ."

ತೊಟ್ಟಿ, ನಲ್ಲಿ, ನೆಲ, ಗೋಡೆ ಎಲ್ಲವನ್ನೂ ಕ್ಲೋರಿನ್ ಹಾಕಿ ಉಜ್ಜಿಸಿದಳು. ಮರುದಿನ ಮುಂಜಾನೆ ತಾನೇ ಬಂದು ನಿಂತಳು. "ಹಾಲು, ಹೆಪ್ಪು, ಗಡ್ಡೆ ಕಟ್ಟಿಸೋ ರೆನೆಟ್, ಉಪ್ಪು. ತೊಟ್ಟಿಗೆ ಇನ್ನೇನಾದ್ರೂ ಹಾಕ್ತೀರಾ, ಮಿಸ್ಟರ್ ಅಬೆಗ್ಲೆನ್?"

"ಇನ್ನೇನ್ ಹಾಕೋದು, ಡಾಕ್ಟ್ರಮ್ಮ?" ಎಂದ ಊಲಿ. ಅವಳು ಬಾಗಿಲಲ್ಲಿ ಲೀನಿಯ ಜೊತೆ ಕ್ಯಾನುಗಳನ್ನು ನೋಡುತ್ತಿದ್ದಾಗ, ಕಷ್ಟಕಾಲವೆಂದು ಅವನು ಎರಡು ಸೌಟು ಸುರಿದ.

ಹೊತ್ತು ನೆತ್ತಿಗೇರುವಷ್ಟರಲ್ಲಿ ತೊಟ್ಟಿ ಸತ್ತಿತ್ತು. ಬರ್ನೀಸ್ ಅಂಚಿನ ಮೇಲೆ ಕೈಯೂರಿ ನಿಂತಳು. "ಅರ್ಥಾನೇ ಆಗ್ತಿಲ್ಲ. ಎಲ್ಲಿಂದಲೋ ದಿನಾ ಹೊಸದಾಗಿ ಬರ್ತಿದೆ. ಒಂದ್ಸಲ ಕಾಯಿಲೆ ಬಿದ್ದ ತೊಟ್ಟಿಯ ಹಾಲೊಡಕಿನಲ್ಲಿ ವೈರಸ್ ಕೋಟಿಗಟ್ಟಲೆ ಇರತ್ತೆ. ಅದರ ಒಂದು ಹನಿ ಬಿದ್ದರೂ ಸಾಕು." ಅವಳು ಅದನ್ನು ತನಗೆ ತಾನೇ ಹೇಳಿಕೊಂಡಂತಿತ್ತು. ಊಲಿಯ ಕಿವಿ ಮಾತ್ರ ಬಿಸಿಯಾಯಿತು. ಅವಳ ಕಾರು ಮ್ಯಾಡಿಸನ್ನಿಗೆ ಹೊರಟ ಮೇಲೆ ಅವನು ಗೋಡೆಯ ಮೊಳೆಯ ಕಡೆ ನೋಡದೆ ಮೆಟ್ಟಿಲು ಹತ್ತಿದ.

ಮೇಲೆ ಲೀನಿ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಜಾಡಿ ಹಿಡಿದು ನಿಂತಿದ್ದಳು. "ಚೆಲ್ಲಿ ತೊಳೆದಿಡ್ತೀನಿ," ಎಂದಳು, ತಿರುಗದೆ. "ಡಾಕ್ಟ್ರಮ್ಮ ಏನಾದ್ರೂ ಹೇಳ್ಲಿ, ನನ್ ಕೈಯಲ್ಲೇ ಏನೋ ಇದೆ. ಅವರು ಬೇರೆ ಹೆಪ್ಪು ಕೊಡ್ಲಿ, ಬೇರೆ ಯಾರಾದ್ರೂ ಹಾಕ್ಲಿ."

ಜಾಡಿ ಓರೆಯಾಗಿತ್ತು. ಬಿಳಿಯ ನಾಲಿಗೆಯೊಂದು ಅಂಚಿನವರೆಗೆ ಬಂದಿತ್ತು. ಊಲಿ ಅವಳ ಮಣಿಕಟ್ಟು ಹಿಡಿದ.

"ಚೆಲ್ಬೇಡ. ನನ್ ಜೊತೆ ಕೆಳಗ್ ಬಾ."

ದಾರಿಯಲ್ಲಿ ಮೊಳೆಯಿಂದ ಸೌಟು ತೆಗೆದುಕೊಂಡು, ನೆಲಮಾಳಿಗೆಯಲ್ಲಿ ಅವನು ಮೂಟೆ ಸರಿಸಿ ಬಕೆಟ್ಟನ್ನು ಎಳೆದ. ಮುಚ್ಚಳ ತೆಗೆದ. ಹುಳಿಯ ಘಾಟು ಮೇಲೆದ್ದಿತು. ಅವನು ಹೇಳಿದ, ಅವಳು ಕೇಳಿದಳು.

"ಇಷ್ಟು ವರ್ಷ?"

"ದಿನಾ."

"ನಾನು ಮೇಲೆ ಚಮಚ ಕುದಿಸ್ತಾ ಕೂತಿದ್ದೆ. ನೀನು ಕೆಳಗೆ ಇದನ್ನ..."

"ಹೂಂ."

"ನನ್ ಹೆಪ್ಪಿಗೆ ವಯಸ್ಸಾಯ್ತು ಅಂದ್ಯಲ್ಲೋ!"

ಅವನ ಕೈಯಲ್ಲೇ ಇದ್ದ ಸೌಟನ್ನು ಕಿತ್ತುಕೊಂಡು ಅವನ ಭುಜಕ್ಕೆ ಒಂದು ಬಿಟ್ಟಳು. ಮೆಲ್ಲಗೇನೂ ಅಲ್ಲ. ಆಮೇಲೆ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತಳು. ಅಳುತ್ತಾಳೋ ಎಂದು ಬಗ್ಗಿ ನೋಡಿದರೆ ಅವಳ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ಕಣ್ಣಲ್ಲಿ ನೀರೂ ಇತ್ತು.

"ಅಪ್ಪ ಹೇಳಿದ್ದ ಅಂತ..."

"ನಿಮ್ಮಪ್ಪ ಮೀಸೆಗೆ ಬೆಣ್ಣೆ ಹಚ್ಕೋ ಅಂತಾನೂ ಹೇಳಿದ್ದ. ಹಚ್ಕೊಂಡ್ಯಾ?"

ಬಕೆಟ್ಟನ್ನು ಬಾಯ್ಲರಿಗೆ ಹಾಕಿ ಸುಟ್ಟುಬಿಡುತ್ತೇನೆಂದು ಊಲಿ ಎದ್ದ. ಲೀನಿ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದಳು. "ಸುಟ್ರೆ ಮುಚ್ಚಿಟ್ಟ ಹಾಗೇ ಆಯ್ತು. ನಾಳೆ ಟೋಪಿ ಹಾಕ್ಕೋ. ಹೊತ್ಕೊಂಡು ಹೋಗಿ ಡಾಕ್ಟ್ರಮ್ಮನ ಕೈಗೇ ಕೊಡೋಣ."

ಮರುದಿನ ಅವರ ಟ್ರಕ್ಕು ಮ್ಯಾಡಿಸನ್ನಿಗೆ ಹೋಯಿತು. ಊಲಿಯ ತಲೆಯ ಮೇಲೆ ಭಾನುವಾರದ ಟೋಪಿ, ಲೀನಿಯ ಮಡಿಲಲ್ಲಿ ಜಾಡಿ, ಇಬ್ಬರ ನಡುವೆ ಮೂರನೆಯವನಂತೆ ಬಕೆಟ್ಟು. ಪ್ರಯೋಗಾಲಯದಲ್ಲಿ ಬರ್ನೀಸ್ ಮುಚ್ಚಳ ತೆಗೆದು ಮೂಸಿ, ಒಂದು ಹೆಜ್ಜೆ ಹಿಂದೆ ಹೋದಳು.

"ಅಯ್ಯೋ ದೇವರೇ! ಇದು ಬಕೆಟ್ಟಲ್ಲ, ಮ್ಯೂಸಿಯಂ!"

"ಬಯ್ಯಿರಿ, ಡಾಕ್ಟ್ರಮ್ಮ. ನಿಮ್ಗೆ ಸುಳ್ಳು ಹೇಳ್ದೆ," ಎಂದ ಊಲಿ, ಟೋಪಿ ತಿರುಗಿಸುತ್ತ.

"ಬಯ್ಯೋದು ಆಮೇಲೆ. ಮೊದಲು ಇದರೊಳಗೆ ಯಾರ್ಯಾರಿದಾರೆ ನೋಡ್ತೀನಿ."

ವಾರದ ಮೇಲೆ ಅವಳೇ ಕರೆಸಿಕೊಂಡಳು. ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಿದ್ದವು. ಒಂದರಲ್ಲಿ ಲೀನಿಯ ಹೆಪ್ಪು ತೆಳ್ಳಗೆ ಕೆನೆಯ ಹಾಗೆ ಬೆಳೆದಿತ್ತು. ಅದರ ಮೇಲೆ ಬಕೆಟ್ಟಿನ ವೈರಸ್ ಹನಿಸಿದಲ್ಲೆಲ್ಲ ಕೆನೆ ಕರಗಿ ದುಂಡಗೆ ತೂತು ಬಿದ್ದಿತ್ತು.

ಊಲಿ ಬಗ್ಗಿ ನೋಡಿದ. "ಕೊನೆಗೂ ತೂತಿರೋ ಚೀಸ್ ಮಾಡ್ದೆ. ಆರ್ನೆಗೆ ಹೇಳ್ಬೇಡಿ."

ಇನ್ನೊಂದು ತಟ್ಟೆಯಲ್ಲಿ ಅದೇ ವೈರಸ್ಸಿನ ನಡುವೆ ಬಿಳಿಯ ಚುಕ್ಕೆಗಳು ನಿಶ್ಚಿಂತೆಯಾಗಿ ಕೂತಿದ್ದವು. "ಇವೂ ನಿಮ್ಮ ಬಕೆಟ್ಟಿನವೇ," ಎಂದಳು ಬರ್ನೀಸ್. "ನಿಮ್ಮಪ್ಪ ಹೇಳಿದ್ದು ಸುಮ್ನೆ ಅಲ್ಲ. ಆ ಬೆಟ್ಟದಲ್ಲಿ ಹೆಪ್ಪು ಅಂದ್ರೆ ಒಂದು ದೊಡ್ಡ ಸಂತೆ. ವೈರಸ್ ಒಬ್ಬನ್ನ ಹಿಡಿದ್ರೆ ಇನ್ನೊಬ್ಬ ಕೆಲಸ ಮಾಡ್ತಿದ್ದ. ನೀವು ದಿನಾ ಒಂದೇ ಹುಡುಗೀನ ಕಳಿಸಿದ್ರಿ, ವೈರಸ್ ಅವಳ ಮನೆ ಬಾಗಿಲು ಕಲಿತುಬಿಡ್ತು. ಆದ್ರೆ ಈ ಬಕೆಟ್ಟಿನೋನು ವೈರಸ್ಸಿನ ಮಧ್ಯದಲ್ಲೇ ಬೆಳೆದೋನು. ಅವನ ಹತ್ರ ಒಂದು ಉಂಗುರ ಇದೆ."

"ಉಂಗುರ?" ಎಂದಳು ಲೀನಿ.

"ಡಿಎನ್‌ಎಯ ಸಣ್ಣ ಬಳೆ. ಅದರಲ್ಲಿ ವೈರಸ್ಸನ್ನ ಬಗ್ಗುಬಡಿಯೋ ವಿದ್ಯೆ ಇದೆ. ಇಬ್ಬರನ್ನೂ ಪಕ್ಕಪಕ್ಕ ಬಿಟ್ರೆ ಅವನು ಅವಳನ್ನ ತಬ್ಬಿ, ಆ ಉಂಗುರದ ಎಳೆಯೊಂದನ್ನ ಅವಳೊಳಕ್ಕೆ ದಾರ ಪೋಣಿಸಿದ ಹಾಗೆ ಪೋಣಿಸ್ತಾನೆ. ಅವಳೊಳಗೆ ಅದು ಮತ್ತೆ ಉಂಗುರ ಆಗತ್ತೆ. ಅವನದೂ ಅವನ ಹತ್ರಾನೇ ಉಳಿಯತ್ತೆ."

"ಜಾಣ. ಕೆಲಸ ಮಾಡೋನಾ?"

"ಎಲ್ಲಿ? ಹಾಲಿನ ಸಕ್ಕರೆ ತಿನ್ನೋಕೂ ಬರಲ್ಲ. ಶುದ್ಧ ಸೋಮಾರಿ."

"ಗೊತ್ತಿತ್ತು," ಎಂದಳು ಲೀನಿ. "ಊಲಿ ಕಡೆಯೋನಲ್ವಾ!"

ಊಲಿ ಗಂಭೀರವಾಗಿ ಕೇಳಿದ: "ಮಕ್ಕಳು ಸೋಮಾರಿಗಳಾದ್ರೆ?"

"ಇವರ ಮದುವೇಲಿ ಮಕ್ಕಳಾಗಲ್ಲ. ಹುಡುಗಿಯೇ ಬದಲಾಗ್ತಾಳೆ. ರುಚಿ ಅವಳದೇ, ಚುರುಕು ಅವಳದೇ, ಮೇಲೊಂದು ಉಂಗುರ. ಆಮೇಲೆ ಅವಳು ಎರಡಾದಾಗ ಎರಡಕ್ಕೂ ಉಂಗುರ ಇರತ್ತೆ. ಒಂದೊಂದ್ಸಲ ಆ ಉಂಗುರ ಅವಳಿಗೆ ಮೊದಲೇ ಇದ್ದ ತವರಿನ ಉಂಗುರದ ಜೊತೆ ಬೆಸೆದು ಒಂದೇ ಆಗಿಬಿಡತ್ತೆ. ಯಾವ ಚೂರು ಯಾರದು ಅಂತ ಅಕ್ಕಸಾಲಿಗೂ ಹೇಳೋಕಾಗಲ್ಲ."

"ಮದುವೆ ಆಯ್ತು ಅಂತ ಹೇಗ್ ಗೊತ್ತಾಗತ್ತೆ?" ಎಂದ ಊಲಿ.

"ತಟ್ಟೇಲಿ ಹಾಲಿನ ಸಕ್ಕರೆ ಬಿಟ್ಟು ಬೇರೆ ಊಟ ಇಡಲ್ಲ. ವರ ಹಸಿದು ಸಾಯ್ತಾನೆ. ಮೇಲೆ ವೈರಸ್ ಸುರೀತೀನಿ. ಉಂಗುರ ಇಲ್ಲದ ವಧು ಸಾಯ್ತಾಳೆ. ಉಳಿದೋಳೇ ನಮಗೆ ಬೇಕಾದೋಳು. ಆದ್ರೆ ತಬ್ಬಿಕೊಂಡಾಗ ಅಲುಗಾಡಿಸಬಾರದು. ಕುಲುಕಿದ್ರೆ ಎಳೆ ಹರಿದು ಮದುವೆ ಅರ್ಧಕ್ಕೇ ನಿಲ್ಲತ್ತೆ."

ಊಲಿ ಅಂದು ಪ್ರಯೋಗಾಲಯದಿಂದ ತುದಿಗಾಲಲ್ಲಿ ಹೊರಗೆ ಬಂದ.

ಮೊದಲ ಪ್ರಯತ್ನದಲ್ಲಿ ತಟ್ಟೆ ಖಾಲಿ. ಎರಡನೆಯದರಲ್ಲೂ ಖಾಲಿ. ಅಷ್ಟರಲ್ಲಿ ಹೊಲಗಳಲ್ಲಿ ಹುಲ್ಲು ಮೊಣಕಾಲು ದಾಟಿತ್ತು. ಆರ್ನೆ ಕೊಯ್ಯುವ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದದ್ದು ರಸ್ತೆಗೇ ಕಾಣುತ್ತಿತ್ತು. ಬರ್ನೀಸ್ ಹೇಳಿದಂತೆ ಲೀನಿ ಊರೆಲ್ಲ ಸುತ್ತಿ, ಹಾಲಿಗೊಂದು, ರೈತರು ಹಂದಿಗೆಂದು ಒಯ್ಯುವ ಹಾಲೊಡಕಿಗೊಂದು ಬೇರೆ ಬೇರೆ ಕ್ಯಾನು ಇಡಿಸಿ, ಹಾಲೊಡಕಿನ ಕ್ಯಾನಿಗೆ ಕೆಂಪು ಬಣ್ಣ ಬಳಿಸಿ, ತಟ್ಟೆಯಲ್ಲಿನ ಮದುವೆಯ ಸುದ್ದಿಯನ್ನೂ ಹೇಳಿ ಬಂದಳು. ಅಷ್ಟು ದಿನ ಹಾಲು ಬೇರೆ ಕಡೆ ಹೋಗುತ್ತಿದ್ದರಿಂದ ಊಲಿಗೆ ಮಾಡಲು ಏನೂ ಇರಲಿಲ್ಲ. ಅವನು ಖಾಲಿ ತೊಟ್ಟಿಯನ್ನು ಮತ್ತೆ ಮತ್ತೆ ತೊಳೆದ. ಅಪ್ಪ ಸತ್ತ ಕೋಣೆಯಲ್ಲಿ ತಾನೂ ಸಾಯುವೆನೆಂದು ಅಂದುಕೊಂಡಿದ್ದವನಿಗೆ, ಹಾಲಿನ ವಾಸನೆಯಿಲ್ಲದ ಯಾವುದೋ ಬಾಡಿಗೆ ಮನೆಯ ಗೋಡೆಗಳು ಕಣ್ಣಿಗೆ ಕಟ್ಟಿದವು.

ಮೂರನೆಯ ತಟ್ಟೆಯಲ್ಲಿ ಚುಕ್ಕೆಗಳು ಎದ್ದವು.

ಬರ್ನೀಸ್ ಹೊಸ ಹೆಪ್ಪನ್ನು ಲೀನಿಯ ಹಳೆಯ ಜಾಡಿಯಲ್ಲೇ ತಂದಳು. ಲೀನಿ ಬಟ್ಟೆ ಎತ್ತಿ, ಮೂಸಿ, ಬೆರಳಲ್ಲಿ ಒಂದಿಷ್ಟು ನೆಕ್ಕಿದಳು. "ನಮ್ ಹುಡುಗೀನೇ," ಎಂದಳು.

ಅಂದು ಆರ್ನೆ ಕ್ಯಾನು ಇಳಿಸುವಾಗ ತಮಾಷೆ ಮಾಡಲಿಲ್ಲ. ಹಾಲು ತೊಟ್ಟಿಗೆ ಬಿತ್ತು, ಬೆಚ್ಚಗಾಯಿತು. ಜಾಡಿಯ ಹೆಪ್ಪು ಇಳಿಯಿತು. ಊಲಿಯ ಬಲಗೈ ತಾನಾಗಿಯೇ ಗೋಡೆಯ ಮೊಳೆಯ ಕಡೆ ಹೋಯಿತು. ಅಲ್ಲಿ ಸೌಟು ಇರಲಿಲ್ಲ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಬಾಗಿಲಲ್ಲಿ ಲೀನಿ ಕೆಮ್ಮಿದಳು. ಊಲಿ ಕೈಯನ್ನು ಜೇಬಿಗೆ ಹಾಕಿ, ಹೊರತೆಗೆಯಲೇ ಇಲ್ಲ, ರೆನೆಟ್ ಹಾಕುವ ತನಕ.

ಗಡ್ಡೆ ಕಟ್ಟಿತು, ಅದು ಸತ್ತ ದಿನಗಳಲ್ಲೂ ಕಟ್ಟುತ್ತಿತ್ತು. ತಂತಿಯ ಚಾಕುವಿನಿಂದ ಕೊಯ್ದ, ಕಲಕಿದ, ಹಾಲೊಡಕು ಬಸಿದ, ಗಡ್ಡೆಯ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ತಿರುವಿದ. ಹೊತ್ತು ಸರಿಯಿತು. ಮಧ್ಯಾಹ್ನ ಆರ್ನೆ ಕೆಂಪು ಕ್ಯಾನು ಹಿಡಿದು ಬಂದು, ಬಾಗಿಲಿಗೆ ಒರಗಿ ನಿಂತ. ಊಲಿ ಒಲೆಯಿಂದ ಕಬ್ಬಿಣದ ಸಲಾಕೆ ತೆಗೆದ. ಹುಳಿ ನೋಡಲು ಅವನ ಅಪ್ಪನ ಕಾಲದ ಪರೀಕ್ಷೆ ಅದು. ಗಡ್ಡೆಯ ತುಂಡನ್ನು ಕಾದ ಕಬ್ಬಿಣಕ್ಕೆ ಒತ್ತಿ ಎಳೆಯಬೇಕು. ಸತ್ತ ಗಡ್ಡೆ ಎಳೆ ಬಿಡದೆ ಕಿತ್ತು ಬರುತ್ತದೆ.

ಚುಯ್ ಎಂದಿತು. ಊಲಿ ಮೆಲ್ಲಗೆ ಎಳೆದ. ಕಬ್ಬಿಣಕ್ಕೂ ಅವನ ಬೆರಳಿಗೂ ನಡುವೆ ಜೇಡನ ಬಲೆಯಂಥ ಎಳೆಗಳು ಹೊರಟವು, ಉದ್ದವಾದವು, ಕಿಟಕಿಯ ಬೆಳಕಿನಲ್ಲಿ ಹೊಳೆದವು. ಉಸಿರು ಬಿಟ್ಟರೆ ಹರಿದಾವೆಂದು ಅವನು ಉಸಿರು ಹಿಡಿದ.

ಆರ್ನೆ ಬಗ್ಗಿ ಒಂದು ತುಂಡು ಎತ್ತಿ ಬಾಯಿಗೆ ಹಾಕಿದ. ಕೀಚ್ ಎಂದಿತು. ಅಗಿದ, ನುಂಗಿದ, ಒಂದು ಮಾತಾಡದೆ ತಿರುಗಿ ಹೊರಗೆ ಹೋದ.

"ಏನಂದ?" ಎಂದು ಲೀನಿ ಓಡಿ ಬಂದಳು.

"ಏನೂ ಅನ್ಲಿಲ್ಲ."

ಸ್ವಲ್ಪ ಹೊತ್ತಿಗೆ ಹೊರಗೆ ಢಣಢಣ ಢಣಢಣ ಎಂದು ಸದ್ದೆದ್ದಿತು. ಅಂಗಳದಲ್ಲಿ ಆರ್ನೆ ಕ್ಯಾನಿನ ಮುಚ್ಚಳ ಬಡಿಯುತ್ತಿದ್ದ. ಅವನ ಹಿಂದೆ ಹಾಲಿನ ರೈತರೆಲ್ಲ ಇದ್ದರು. ಒಬ್ಬ ಬಾಣಲೆ, ಒಬ್ಬ ಹಸುವಿನ ಗಂಟೆ, ಒಬ್ಬಳು ಬಟ್ಟೆ ಒಗೆಯುವ ತಗಡಿನ ಹಲಗೆ. ಮದುವೆಯಾದ ಹೊಸಬರ ಕಿಟಕಿಯ ಕೆಳಗೆ ನಿಂತು, ಕುಡಿಯಲು ಕೊಡುವ ತನಕ ತಗಡು ಬಡಿಯುವುದು ಅಲ್ಲಿಯ ಪದ್ಧತಿ. ರಾತ್ರಿ ಮಾಡಬೇಕಾದದ್ದು. ಆದರೆ ನಸುಕಿಗೆದ್ದು ಹಾಲು ಕರೆಯುವವರಿಗೆ ರಾತ್ರಿ ಎಲ್ಲಿದೆ?

ಊಲಿ ಎರಡು ಕೈ ಎತ್ತಿಕೊಂಡು ಹೊರಗೆ ಓಡಿದ. "ನಿಲ್ಸ್ರೋ! ಕತ್ತೆಗಳಾ! ಕುಲುಕಿದ್ರೆ ಎಳೆ ಹರಿಯತ್ತೆ!"

ಬರ್ನೀಸ್ ಹೊಟ್ಟೆ ಹಿಡಿದು ನಕ್ಕಳು. "ಮದುವೆ ಆಗ್ಲೇ ಮುಗೀತು, ಮಿಸ್ಟರ್ ಅಬೆಗ್ಲೆನ್! ಈಗ ಅವಳು ಮನೆಗೆಲಸದಲ್ಲಿದಾಳೆ. ಬಡೀಲಿ ಬಿಡಿ!"

"ಊರಿಗೆಲ್ಲ ಸುದ್ದಿ ಹಬ್ಬೋ ಮದುವೆ ಮಾಡ್ಸಿ, ಬಿಯರ್ ಕೊಡದೆ ತಪ್ಪಿಸ್ಕೋತೀಯೇನೋ ಸ್ವಿಸ್?" ಎಂದು ಆರ್ನೆ ಕೂಗಿದ. ಆಮೇಲೆ ದನಿ ತಗ್ಗಿಸಿ, ತನ್ನ ಬೂಟನ್ನು ನೋಡುತ್ತ, "ನಾಳೆ ಹಾಲು ಬೇಗ ತರ್ತೀನಿ. ಹುಲ್ಲು ಕೊಯ್ಯೋದಿದೆ. ಬಾಗಿಲು ತೆಗೆದಿಟ್ಟಿರು," ಎಂದ.

ಪಕ್ಕದ ಮನೆಯಿಂದ ಬಿಯರ್ ಪೀಪಾಯಿ ಉರುಳಿ ಬಂತು. ಲೋಟ ಸಾಲದೆ ಹೋದಾಗ ಲೀನಿ ಮಹಡಿಗೆ ಹತ್ತಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದಳು. ಬಿಚ್ಚಿದರೆ ಮಾವನ ಮರದ ಸೌಟು. ಸೋಡದಲ್ಲಿ ಕುದಿಸಿ ಕುದಿಸಿ ಮರ ಬೆಳ್ಳಗಾಗಿತ್ತು. ಬಕೆಟ್ಟನ್ನು ಬರ್ನೀಸ್ ವಾಪಸ್ಸು ಕೊಟ್ಟಿರಲಿಲ್ಲ, ಊಲಿ ಕೇಳಿಯೂ ಇರಲಿಲ್ಲ.

ಲೀನಿ ಸೌಟನ್ನು ಪೀಪಾಯಿಯಲ್ಲಿ ಅದ್ದಿ, ತುಂಬಿಸಿ, ಎಲ್ಲರಿಗಿಂತ ಮೊದಲು ಗಂಡನ ಮುಂದೆ ಹಿಡಿದಳು.

"ನಿನ್ನೇದಲ್ಲ, ಇವತ್ತಿಂದು," ಎಂದಳು. "ಕುಡಿ."